ಜನಿವಾರದ ತಕರಾರು ರೋಮಿಗೆ ಹೋದದ್ದು

ಕಂಬಂ ಕಣಿವೆ, ತೇನಿ, ದಿಂಡಿಗಲ್ ಕಡೆ ಸಂತೆಯ ಮಾತು ತಮಿಳಾದರೂ ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು. ನಾನೂರು ವರ್ಷದ ಹಿಂದೆ ಈ ಸೀಮೆಯೆಲ್ಲ ತೆಲುಗು ಮಾತಿನ ಮಧುರೆ ನಾಯಕರ ಆಳ್ವಿಕೆಯಲ್ಲಿತ್ತು. ಆಗ ಮಧುರೆಗೆ ಬಂದ ಇಟಲಿಯ ಪಾದ್ರಿಯೊಬ್ಬರು ತಮಿಳು, ತೆಲುಗು, ಸಂಸ್ಕೃತ ಮೂರನ್ನೂ ಕಲಿತರು. ಎರಡು ಭಾಷೆಯಲ್ಲಿ ಪದ ಕಟ್ಟುವ ನನಗೆ ಅವರ ಮೇಲೆ ಅಕ್ಕರೆ ಹುಟ್ಟಿದ್ದು ಇದಕ್ಕೇ. ಅವರೇ ರಾಬರ್ಟ್ ಡಿ ನೊಬಿಲಿ.

1577ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ಯೇಸುಸಭೆ ಸೇರಿ, 1605ರಲ್ಲಿ ಗೋವೆಗೆ, ಮರುವರ್ಷ ಮಧುರೆಗೆ ಬಂದರು. ಇಲ್ಲಿಯವರ ಕಣ್ಣಲ್ಲಿ ಕ್ರೈಸ್ತಧರ್ಮ ಅಂದ್ರೆ ಪರಂಗಿಯವರ ಧರ್ಮ, ಮಾಂಸ ಮದ್ಯದವರ ಧರ್ಮ. ನೊಬಿಲಿ ಮಾಂಸ ಬಿಟ್ಟರು, ಕಾವಿ ತೊಟ್ಟರು, ಮರದ ಪಾದುಕೆ ಮೆಟ್ಟಿದರು. ತೆಲುಗು ಬ್ರಾಹ್ಮಣ ಶಿವಧರ್ಮರಿಂದ ಸಂಸ್ಕೃತ ಕಲಿತರು. ಜನ ಅವರನ್ನು ತತ್ತ್ವಬೋಧಕರೆಂದರು. ಹೊಸದಾಗಿ ಕ್ರೈಸ್ತರಾದವರಿಗೆ ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಲು ಬಿಟ್ಟರು.

ತಕರಾರು ಎದ್ದದ್ದು ಇಲ್ಲೇ. ಮಧುರೆಯಲ್ಲಿ ಮೊದಲಿಂದ ಇದ್ದ ಪಾದ್ರಿ ಗೊನ್ಸಾಲೊ ಫೆರ್ನಾಂಡಿಸ್ ಮೇಲಿನವರಿಗೆ ದೂರು ಕೊಟ್ಟರು. 1619ರಲ್ಲಿ ಗೋವೆಯಲ್ಲಿ ಸಭೆ ಕೂಡಿತು. ಅಲ್ಲಿನ ಆರ್ಚ್‌ಬಿಷಪ್ ಒಪ್ಪಲಿಲ್ಲ, ಕಡತ ಪೋರ್ಚುಗಲ್ಲಿಗೂ ರೋಮಿಗೂ ಹೋಯಿತು. ನಮ್ಮ ಬದುವಿನ ವ್ಯಾಜ್ಯ ಜಿಲ್ಲೆಯಿಂದ ಹೈಕೋರ್ಟಿಗೆ ಹೋದ ಹಾಗೆಯೇ. ಚರ್ಚ್ ಕಾನೂನು, ದೇವಶಾಸ್ತ್ರ ಬಲ್ಲವರು ಅಲ್ಲಿ ಒಂದೇ ಪ್ರಶ್ನೆ ಹಿಡಿದು ಕೂತರು: ಜನಿವಾರ ಪೂಜೆಯ ಗುರುತೋ, ಕುಲದ ಗುರುತೋ? ಪೂಜೆಯದಾದರೆ ಬಿಡಬೇಕು, ಕುಲದ್ದಾದರೆ ಇರಲಿ. ನೊಬಿಲಿ ಇಲ್ಲಿನ ಶಾಸ್ತ್ರಗಳನ್ನೇ ಆಧಾರ ಮಾಡಿಕೊಂಡು, ಅದು ಕುಲದ್ದು ಎಂದು ಬರೆದು ಕಳಿಸಿದ್ದರು.

ಆಗಿನ ಪೋಪ್ ಹದಿನೈದನೇ ಗ್ರೆಗೊರಿ ತಾವೇ ಬೊಲೋನ್ಯಾದಲ್ಲಿ ಕಾನೂನು ಓದಿದವರು. 1623ರ ಜನವರಿ 31ರಂದು ನೊಬಿಲಿ ಪರವಾಗಿ ಷರತ್ತಿನ ಅಪ್ಪಣೆ ಕೊಟ್ಟರು. ಮೂಢನಂಬಿಕೆ ಬೆರೆಯಕೂಡದು, ಅಷ್ಟೆ.

ನೊಬಿಲಿ ಗೆದ್ದರು. ಆದರೆ ನನಗೆ ಚುಚ್ಚುವ ಮಾತು ಬೇರೆ ಇದೆ. ಅಷ್ಟು ದೊಡ್ಡ ವಿಚಾರಣೆಯಲ್ಲಿ ಜನಿವಾರ ಇಲ್ಲದವನು, ಹೊಲದಲ್ಲಿ ಬೆವರು ಸುರಿಸುವವನು ವಾದಿಯೂ ಆಗಲಿಲ್ಲ, ಸಾಕ್ಷಿಯೂ ಆಗಲಿಲ್ಲ. ಕೀಳೆನಿಸಿಕೊಂಡವರನ್ನು ತಿರಸ್ಕರಿಸಬೇಡಿರೆಂದು ಮೇಲಿನವರಿಗೆ ಪೋಪ್ ಅದೇ ಅಪ್ಪಣೆಯಲ್ಲಿ ಬುದ್ಧಿ ಹೇಳಿದರು ನಿಜ. ಆದರೆ ಜನಿವಾರಕ್ಕೆ ಸಿಕ್ಕಿದ್ದು ಕಾನೂನು, ಇವರಿಗೆ ಸಿಕ್ಕಿದ್ದು ಬುದ್ಧಿಮಾತು. 1640ರಿಂದ ಕೆಳಜಾತಿಗಳಿಗೆ ಪಂಡಾರ ವೇಷದ ಬೇರೆ ಪಾದ್ರಿಗಳನ್ನು ಇಟ್ಟರು. ಹಳ್ಳಿಯ ಗೋಡೆ ಗುಡಿಯಿಂದ ಚರ್ಚಿಗೂ ಬಂತು.

ನೊಬಿಲಿ ಸುಖವಾಗೇನೂ ಬಾಳಲಿಲ್ಲ. ತಿರುಚಿರಾಪಳ್ಳಿ, ಸೇಲಂ ಸುತ್ತಿದರು, ಮಧುರೆಯಲ್ಲಿ ಸೆರೆಮನೆ ಕಂಡರು, ಕಣ್ಣು ಮಂಜಾಯಿತು. 1656ರ ಜನವರಿ 16ರಂದು ಮೈಲಾಪುರದಲ್ಲಿ ತೀರಿಕೊಂಡರು.

ವ್ಯಾಜ್ಯ ಮಾತ್ರ ತೀರಲಿಲ್ಲ. 1704ರಲ್ಲಿ ಪಾಂಡಿಚೇರಿಯಲ್ಲಿ ಪೋಪರ ಪ್ರತಿನಿಧಿ ತೂರ್ನೊ ಹಲವು ಆಚಾರ ನಿಷೇಧಿಸಿದರು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್, ಅವರೂ ದೊಡ್ಡ ಕಾನೂನು ಪಂಡಿತರೇ, ಕೊನೇ ತೀರ್ಪು ಬರೆದರು. ಆ ತೀರ್ಪು ಪಾಲಿಸುವುದಾಗಿ ಪಾದ್ರಿಗಳು ಆಣೆ ಮಾಡಬೇಕಿತ್ತು. ಆ ಆಣೆ ರದ್ದಾದದ್ದು 1940ರಲ್ಲಿ.

ಸಂತೆಗೆ ಬರುವ ಅಣ್ಣತಮ್ಮಂದಿರೇ, ನಮ್ಮೂರ ಪಂಚಾಯ್ತಿಯಲ್ಲೂ ಕಟ್ಟೆ ಮೇಲೆ ಕೂತವರ ತಕರಾರು ಬೇಗ ಕಡತ ಏರುತ್ತದೆ. ಕೆಳಗೆ ನಿಂತವನ ಹೆಸರನ್ನೂ ಅದರಲ್ಲಿ ಬರೆಸಿ.