ಉರಿವ ಬೆಟ್ಟವನ್ನು ಕಾದ ಗುರು: ಸ್ವಾಮಿ ಜುಸೆಪ್ಪೆ ಮೆರ್ಕಾಲಿ

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಕಣ್ಣೆತ್ತಿದರೆ ಬಾಬಾಬುಡನ್‌ಗಿರಿ ಶ್ರೇಣಿ ಶಾಂತವಾಗಿ ನಿಂತಿರುವುದನ್ನು ನಾವು ಕಾಣುತ್ತೇವೆ. ಆ ಶ್ರೇಣಿಯಲ್ಲಿ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಶಿಲೆಗಳಿವೆ. ನಮ್ಮ ಬೆಟ್ಟದ ಬೆಂಕಿ ಎಂದೋ ಆರಿತು. ಆದರೆ ಇಟಲಿಯ ನೇಪಲ್ಸ್ ಸುತ್ತಲಿನ ಜನರು ಇಂದಿಗೂ ವೆಸೂವಿಯಸ್ ಜ್ವಾಲಾಮುಖಿಯ ನೆರಳಿನಲ್ಲೇ ಬಾಳುತ್ತಿದ್ದಾರೆ. ಅವರಿಗಾಗಿ ಆ ಪರ್ವತವನ್ನು ಕಾದ ಯಾಜಕರೊಬ್ಬರನ್ನು ಈ ವಾರ ಸ್ಮರಿಸೋಣ.

ಜುಸೆಪ್ಪೆ ಮೆರ್ಕಾಲಿಯವರು 1850ರ ಮೇ 21ರಂದು ಮಿಲಾನ್ ನಗರದಲ್ಲಿ ಜನಿಸಿದರು. 1872ರಲ್ಲಿ ಗುರುದೀಕ್ಷೆ ಪಡೆದರು. ಭೂವಿಜ್ಞಾನಿಯೂ ಯಾಜಕರೂ ಆಗಿದ್ದ ಆಂತೋನಿಯೋ ಸ್ತೋಪಾನಿಯವರ ಶಿಷ್ಯರಾಗಿ, ಶಿಲೆಗಳ ಅಧ್ಯಯನವನ್ನೂ ಸೇವೆಯನ್ನಾಗಿ ಸ್ವೀಕರಿಸಿದರು. ಮಿಲಾನಿನ ಗುರುಮಠದಲ್ಲಿಯೂ ಮುಂದೆ ನೇಪಲ್ಸಿನಲ್ಲಿಯೂ ಬೋಧಿಸಿದರು. 1987ರಲ್ಲಿ ಸಂತಪದವಿಗೇರಿದ ವೈದ್ಯ ಜುಸೆಪ್ಪೆ ಮೊಸ್ಕಾತಿಯವರು ಬಾಲ್ಯದಲ್ಲಿ ಇವರ ವಿದ್ಯಾರ್ಥಿಯಾಗಿದ್ದರು.

ಭೂಕಂಪದ ತೀವ್ರತೆಯನ್ನು ಜನರ ಅನುಭವ ಹಾಗೂ ಕಟ್ಟಡಗಳಿಗಾದ ಹಾನಿಯಿಂದ ನಿರ್ಣಯಿಸುವ ಮಾನಕವನ್ನು ಮೆರ್ಕಾಲಿಯವರು ಪರಿಷ್ಕರಿಸಿ 1902ರಲ್ಲಿ ಪ್ರಕಟಿಸಿದರು. ಅದರ ಪರಿಷ್ಕೃತ ರೂಪ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. 1906ರಲ್ಲಿ ವೆಸೂವಿಯಸ್ ಭೀಕರವಾಗಿ ಸಿಡಿದಾಗ ಗುರುಗಳು ಅದನ್ನು ಅಭ್ಯಸಿಸಿದರೆ, ಶಿಷ್ಯ ಮೊಸ್ಕಾತಿಯವರು ತೋರ್ರೆ ದೆಲ್ ಗ್ರೇಕೋದ ಆಸ್ಪತ್ರೆಯ ರೋಗಿಗಳನ್ನು ಹೊರಗೆ ಸಾಗಿಸಿ ಕಾಪಾಡಿದರು. ಅವರನ್ನು ಸಾಗಿಸಿದ ಬಳಿಕ ಬೂದಿಯ ಭಾರಕ್ಕೆ ಮಾಡು ಕುಸಿಯಿತು.

1911ರಲ್ಲಿ ಮೆರ್ಕಾಲಿಯವರು ವೆಸೂವಿಯಸ್ ವೀಕ್ಷಣಾಲಯದ ನಿರ್ದೇಶಕರಾದರು. 1841ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಜಗತ್ತಿನಲ್ಲೇ ಅತ್ಯಂತ ಹಳೆಯ ಜ್ವಾಲಾಮುಖಿ ವೀಕ್ಷಣಾಲಯ. ಇಲ್ಲಿನ ತಜ್ಞರು ಇಂದು ನೆಲದ ಕಂಪನವನ್ನಷ್ಟೇ ಅಲ್ಲ, ಅದರ ಉಬ್ಬರ ಇಳಿತವನ್ನೂ ಅಳೆಯುತ್ತಾರೆ. ಒಳಗಿನ ಶಿಲಾರಸ ಅಥವಾ ಬಿಸಿ ಅನಿಲಗಳ ಒತ್ತಡ ಹೆಚ್ಚಿದರೆ ನೆಲ ಉಬ್ಬುತ್ತದೆ, ಅದರ ಓಟ ಬದಲಾಗುತ್ತದೆ. ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಸೂಕ್ಷ್ಮ ಉಪಕರಣಗಳೂ ಉಪಗ್ರಹಗಳೂ ಗುರುತಿಸುತ್ತವೆ. ನೆರೆಯ ಪೊಜ್ಜುವೋಲಿ ಪಟ್ಟಣದ ನೆಲ 1982ರಿಂದ 1984ರ ಅವಧಿಯಲ್ಲಿ ಸುಮಾರು 1.8 ಮೀಟರ್ ಮೇಲೇರಿತು. ಸುಮಾರು 40,000 ಜನರನ್ನು ಬೇರೆಡೆಗೆ ಸ್ಥಳಾಂತರಿಸಲಾಯಿತು. ಸ್ಫೋಟ ಸಂಭವಿಸಲಿಲ್ಲ, ಆದರೂ ಅಳೆಯುವವರು ಕಾವಲು ಬಿಡಲಿಲ್ಲ.

ಪರ್ವತದ ಬೆಂಕಿಗೆ ಅಂಜದ ಮೆರ್ಕಾಲಿಯವರು 1914ರ ಮಾರ್ಚ್ 19ರಂದು ನೇಪಲ್ಸಿನ ತಮ್ಮ ಮನೆಯಲ್ಲೇ ಬೆಂಕಿಗೆ ಆಹುತಿಯಾದರು. ಅಂದು ಸಂತ ಜೋಸೆಫರ ಹಬ್ಬ. ಗುರುಗಳ ಹೆಸರಿನ ಪಾಲಕ ಸಂತರ ದಿನ. ಸಂತ ಜೋಸೆಫರು ಮಾತಿಲ್ಲದೆ ತಿರುಕುಟುಂಬವನ್ನು ಕಾದರು. ಈ ಗುರುಗಳೂ ತಮ್ಮ ಜನರನ್ನು ತಾಳ್ಮೆಯ ಅಧ್ಯಯನದಿಂದ ಕಾಯಲೆಳಸಿದರು. ವಿಜ್ಞಾನದ ಹಾದಿ ಹಿಡಿಯುವ ನಮ್ಮ ಮಕ್ಕಳು ಅದೂ ನೆರೆಯವರ ಸೇವೆಯೇ ಎಂಬುದನ್ನು ಇವರಿಂದ ಅರಿಯಲಿ.