ಕುಂದಗೋಳದ ರಾಮಭಾವು

ಪಿಂಪ್ರಿ-ಚಿಂಚವಾಡದ ಹೋಟೆಲುಗಳಲ್ಲಿಯೂ ಕಾರ್ಖಾನೆಗಳ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳನ್ನು ಒಂದು ಚಿಂತೆ ಆಗಾಗ ಕಾಡುವುದುಂಟು. ಹಗಲೆಲ್ಲ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ವ್ಯವಹರಿಸುವ ನಾವು ಕೊನೆಗೆ ಕನ್ನಡಿಗರಾಗಿ ಉಳಿದೇವೆಯೇ ಎಂಬುದೇ ಆ ಚಿಂತೆ. ಪುಣೆಯಲ್ಲಿ ಕೀರ್ತಿಶೇಷರಾದ ಸವಾಯಿ ಗಂಧರ್ವರ ಜೀವನವನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಇವರು ಇಂದಿನ ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ 1886ನೆಯ ಇಸವಿ ಜನವರಿ 19ರಂದು ಜನಿಸಿದರು. ತಂದೆ ಗಣೇಶರಾಯರು ಗುಮಾಸ್ತರು. ಶಾಲೆಯ ಪಾಠ ಮಗನಿಗೆ ಹತ್ತದಿರಲು, ಅವನನ್ನು ಸಂಗೀತಕ್ಕೆ ಹಚ್ಚಿದರು. ಮುಂದೆ ಉತ್ತರದ ಕೈರಾನಾದಿಂದ ದಕ್ಷಿಣಕ್ಕೆ ಬಂದು ಮಿರಜಿನಲ್ಲಿ ನೆಲಸಿದ ಅಬ್ದುಲ್ ಕರೀಂ ಖಾನ್ ಸಾಹೇಬರಲ್ಲಿ ರಾಮಚಂದ್ರನು ವರ್ಷಗಟ್ಟಲೆ ಶಿಷ್ಯವೃತ್ತಿ ನಡೆಸಿದನು. ಗುರುವೂ ತನ್ನ ಊರನ್ನು ಬಿಟ್ಟು ಬಂದವರೇ ಆಗಿದ್ದರೆಂಬುದು ಗಮನಾರ್ಹ.

ಆ ಬಳಿಕ ಅವರು ಮರಾಠಿ ನಾಟಕ ಕಂಪನಿಯನ್ನು ಸೇರಿದರು. ಗುರುಗಳಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಆದರೂ ಕನ್ನಡದ ಹುಡುಗನು ಪರಭಾಷೆಯ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸಿ, ಹಾಡಿ, ಮಹಾರಾಷ್ಟ್ರದ ರಸಿಕರ ಮನ ಗೆದ್ದನು. ಸವಾಯಿಯೆಂದರೆ ಒಂದೂಕಾಲು ಪಾಲು. ಬಾಲಗಂಧರ್ವರ ಕೀರ್ತಿ ಮೆರೆಯುತ್ತಿದ್ದ ನಾಡಿನಲ್ಲಿ ಇಂತಹ ಬಿರುದು ದೊರೆಯುವುದು ಅಲ್ಪ ಮಾತಲ್ಲ. ಜನರು ಅವರನ್ನು ರಾಮಭಾವು ಕುಂದಗೋಳಕರರೆಂದು ಕರೆದರು. ಆ ಹೆಸರಿನ ರೀತಿ ಮರಾಠಿಯದು, ಅದರೊಳಗಿನ ಊರು ಮಾತ್ರ ಕನ್ನಡದ್ದು.

ಇಷ್ಟಕ್ಕೇ ನಿಂತಿದ್ದರೆ ಅವರನ್ನು ನಾವು ಕಳೆದುಕೊಂಡೆವೆನ್ನಬಹುದಿತ್ತು. ಆದರೆ ಅವರು ಕುಂದಗೋಳಕ್ಕೆ ಮರಳಿ, ಹೊರಗೆ ಗಳಿಸಿದ ವಿದ್ಯೆಯನ್ನು ಊರಿನ ಮಕ್ಕಳಿಗೆ ಧಾರೆಯೆರೆದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಸಂಗೀತದ ಹಂಬಲದಿಂದ ಮನೆ ಬಿಟ್ಟು ಉತ್ತರ ದೇಶವನ್ನೆಲ್ಲ ಅಲೆದ ಗದುಗಿನ ಭೀಮಸೇನ ಜೋಶಿಯವರಿಗೆ 1936ರಲ್ಲಿ ಗುರು ದೊರೆತದ್ದು ತಮ್ಮ ನೆರೆಯ ಕುಂದಗೋಳದಲ್ಲಿಯೇ.

ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ರಾಮಭಾವುಗಳ ಕಂಠವನ್ನು ಕಟ್ಟಿತು. 1952ರ ಸೆಪ್ಟೆಂಬರ್ 12ರಂದು ಅವರು ಪುಣೆಯಲ್ಲಿ ನಿಧನ ಹೊಂದಿದರು. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ನೆಲಸಿದ್ದ ಭೀಮಸೇನರು ಗುರುವಿನ ಹೆಸರಿನಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. 2011ರಲ್ಲಿ ತೀರಿಕೊಂಡ ಭೀಮಸೇನರು ತುಕಾರಾಮರ ಅಭಂಗವನ್ನೂ ಪುರಂದರದಾಸರ ಪದವನ್ನೂ ಒಂದೇ ಕಂಠದಿಂದ ಹಾಡಿದವರು. ಎರಡರಲ್ಲಿಯೂ ಸ್ತುತಿಗೊಂಡವನು ಒಬ್ಬನೇ ವಿಠ್ಠಲ.

ಪರರ ಭಾಷೆಯನ್ನು ಕಲಿತುದರಿಂದ ರಾಮಭಾವುಗಳ ಕನ್ನಡತನ ಕುಂದಲಿಲ್ಲ. ಕಲಿತುದನ್ನು ಅವರು ತಮ್ಮವರಿಗೆ ಹಂಚಿದರು. ಅದರಿಂದಲೇ ಅದು ಉಳಿಯಿತು. ಚಳಿಗಾಲದಲ್ಲಿ ಉತ್ಸವ ನಡೆಯುವಾಗ, ಕೆಲಸದಿಂದ ಬಿಡುವು ದೊರೆತರೆ, ಓದುಗರು ಚಿಂಚವಾಡದಿಂದ ಲೋಕಲ್ ರೈಲು ಹತ್ತಿ ಹೋಗಿ ಕೇಳಬೇಕು. ಊರಿನಿಂದ ಬಂದ ಮಕ್ಕಳನ್ನೂ ಜೊತೆಗೆ ಕರೆದೊಯ್ಯಬೇಕೆಂದು ನಮ್ಮ ವಿನಂತಿ.