ಕಡಲಿಗೆ ತಕ್ಕ ಉಡುಪು: ಜಾಕ್ ಕೂಸ್ತೊ

ಮಕ್ಕಳೇ, ಕೆರೆಯಲ್ಲೋ ಬಾವಿಯಲ್ಲೋ ಬಹಳ ಹೊತ್ತು ಈಜಿದಾಗ ನಿಮ್ಮ ತುಟಿ ನಡುಗಿದ್ದು ನೆನಪಿದೆಯೇ? ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ನೀರಿನಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಈ ಚಳಿಯೊಡನೆ ಸೆಣಸಿ ಕಡಲಾಳವನ್ನು ಕಂಡವರೊಬ್ಬರ ಕಥೆ ಕೇಳಿ.

ಜಾಕ್ ಕೂಸ್ತೊ 1910ರ ಜೂನ್ 11ರಂದು ಫ್ರಾನ್ಸ್ ದೇಶದಲ್ಲಿ ಹುಟ್ಟಿದರು. ನೌಕಾಪಡೆ ಸೇರಿದ ಅವರಿಗೆ ವಿಮಾನ ಹಾರಿಸುವ ಆಸೆಯಿತ್ತು. ಆದರೆ ಕಾರು ಅಪಘಾತದಲ್ಲಿ ಎರಡೂ ಕೈಗಳು ಮುರಿದವು. ಆ ಕನಸು ಅಲ್ಲಿಗೇ ನಿಂತಿತು. ಕೈಗಳಿಗೆ ಬಲ ಬರಲೆಂದು ಅವರು ಸಮುದ್ರದಲ್ಲಿ ಈಜತೊಡಗಿದರು. ಒಂದು ದಿನ ಈಜುಗನ್ನಡಕ ಧರಿಸಿ ನೀರೊಳಗೆ ನೋಡಿದರು. ಅಲ್ಲಿ ಬೇರೆಯದೇ ಲೋಕವಿತ್ತು!

ಆದರೆ ಉಸಿರು ಬಿಗಿಹಿಡಿದು ಎಷ್ಟು ಹೊತ್ತು ಇರಲು ಸಾಧ್ಯ? 1943ರಲ್ಲಿ ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರೊಡನೆ ಸೇರಿ ಕೂಸ್ತೊ ‘ಅಕ್ವಾಲಂಗ್’ ಸಾಧನವನ್ನು ರೂಪಿಸಿದರು. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಅದರ ಕವಾಟವು ಬೇಕಾದಷ್ಟೇ ಬಾಯಿಗೆ ಬಿಡುತ್ತಿತ್ತು. ಚಳಿಗಾಲದಲ್ಲಿ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ಪೋಲಾಗುತ್ತಿತ್ತು, ತಲೆಕೆಳಗಾದರೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಗಾಳಿ ಒಳಬರುವ ಮತ್ತು ಹೊರಹೋಗುವ ಭಾಗಗಳು ಬೇರೆ ಬೇರೆ ಎತ್ತರದಲ್ಲಿದ್ದುದೇ ಇದಕ್ಕೆ ಕಾರಣ. ಎರಡನ್ನೂ ಒಂದೇ ಕಡೆ ಇಟ್ಟಾಗ ದೋಷ ಸರಿಹೋಯಿತು.

ಗಾಳಿಯ ಚಿಂತೆ ನೀಗಿತು. ಚಳಿಯ ಚಿಂತೆ ಉಳಿಯಿತು. ಮೈ ತೀರಾ ತಣ್ಣಗಾದರೆ ಬೆರಳುಗಳು ಮರಗಟ್ಟುತ್ತವೆ, ಬುದ್ಧಿ ಮಂಕಾಗುತ್ತದೆ. ಆಳದಲ್ಲಿ ಹಾಗಾದರೆ ಪ್ರಾಣಕ್ಕೇ ಅಪಾಯ! ಕೂಸ್ತೊ ರಬ್ಬರಿನ ಉಡುಪುಗಳನ್ನು ತಾವೇ ತೊಟ್ಟು ಪರೀಕ್ಷಿಸಿದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ಎಂಬ ರಬ್ಬರಿನಿಂದ ಉಡುಪನ್ನು ರೂಪಿಸಿದರು. ಅದರ ತುಂಬ ಪುಟ್ಟ ಅನಿಲದ ಗುಳ್ಳೆಗಳಿರುತ್ತವೆ. ನಿಮ್ಮ ಸ್ವೆಟರಿನೊಳಗಿನ ಗಾಳಿಯಂತೆ ಈ ಗುಳ್ಳೆಗಳೂ ಮೈಯ ಶಾಖವನ್ನು ತಡೆದಿಡುತ್ತವೆ.

ಹಾಗಾದರೆ ಎಲ್ಲಾ ಕಡಲಿಗೂ ಒಂದೇ ಉಡುಪು ಸಾಕೇ? ಸಾಲದು. ಕೆಂಪು ಸಮುದ್ರದಂಥ ಬೆಚ್ಚನೆಯ ನೀರಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಉಡುಪು ಸಾಕು. ತಣ್ಣನೆಯ ನೀರಿಗೆ 7 ಮಿಲಿಮೀಟರ್ ದಪ್ಪದ್ದು ಬೇಕು, ಜೊತೆಗೆ ತಲೆಗವಸು ಮತ್ತು ಕೈಗವಸು. ದಪ್ಪ ಉಡುಪು ಹೆಚ್ಚು ತೇಲುವುದರಿಂದ ಸೊಂಟಕ್ಕೆ ಹೆಚ್ಚು ಸೀಸದ ತೂಕ ಕಟ್ಟಿಕೊಳ್ಳಬೇಕು. ಹಿಮದಂಥ ನೀರಿಗೆ ಒಳಗೆ ನೀರೇ ಬಾರದ ‘ಒಣ ಉಡುಪು’ ಬೇಕು. ಅದರೊಳಗೆ ಬೆಚ್ಚನೆಯ ಬಟ್ಟೆ ತೊಡುತ್ತಾರೆ. ಕವಾಟವೂ ಚಳಿಗೆ ತಕ್ಕದ್ದಾಗಿರಬೇಕು. ಒತ್ತಿ ತುಂಬಿದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ, ಇದರಿಂದ ಕವಾಟದಲ್ಲಿ ಮಂಜುಗಟ್ಟಬಹುದು.

ಕೂಸ್ತೊ ತಮ್ಮ ‘ಕ್ಯಾಲಿಪ್ಸೊ’ ಹಡಗಿನಲ್ಲಿ ಇಂಥ ಎರಡೂ ಬಗೆಯ ಕಡಲುಗಳನ್ನು ಕಂಡರು. 1963ರಲ್ಲಿ ಅವರ ತಂಡದವರು ಕೆಂಪು ಸಮುದ್ರದ ತಳದ ಮನೆಯಲ್ಲಿ ಒಂದು ತಿಂಗಳು ವಾಸಿಸಿದರು. 1972–73ರಲ್ಲಿ ಹಡಗು ಅಂಟಾರ್ಕ್ಟಿಕಾಕ್ಕೆ ಹೋಯಿತು. ಕಡಲಾಳದ ಚೆಲುವನ್ನು ಅವರು ಚಲನಚಿತ್ರಗಳಲ್ಲಿ ಲೋಕಕ್ಕೆ ತೋರಿಸಿದರು. ಕಡಲಿಗೆ ಕಸ ಸುರಿಯುವುದನ್ನು ವಿರೋಧಿಸಿದರು. 1997ರ ಜೂನ್ 25ರಂದು ತೀರಿಕೊಂಡರು.

ಮಾಡಿ ನೋಡಿ: ಎರಡು ಲೋಟಗಳಲ್ಲಿ ಉಗುರುಬೆಚ್ಚಗಿನ ನೀರನ್ನು ಸಮನಾಗಿ ತುಂಬಿ. ಒಂದನ್ನು ಮೇಜಿನ ಮೇಲಿಡಿ. ಇನ್ನೊಂದನ್ನು ತಣ್ಣೀರಿನ ಪಾತ್ರೆಯೊಳಗೆ ನಿಲ್ಲಿಸಿ. ಹತ್ತು ನಿಮಿಷದ ನಂತರ ಬೆರಳಿಟ್ಟು ನೋಡಿ. ಯಾವುದು ಹೆಚ್ಚು ತಣ್ಣಗಾಗಿದೆ? ಏಕೆ?